ಅರ್ಜೆಂಟಾಗಿ ಕೆಳಗಿಳೀಬೇಕಾ? ಮೂತಿ ಆಮೇಲೆ, ಮೊದ್ಲು ಥ್ರಾಟಲ್

ಚಿಕ್ಕ ವಿಮಾನ ಹಾರಿಸ್ತಿದೀರಿ, ಕ್ಯಾಬಿನ್ ತುಂಬ ಹೊಗೆ, ಇಲ್ಲಾ ಪಕ್ಕದಲ್ಲಿ ಕೂತೋರಿಗೆ ಎದೆನೋವು, ಬೇಗ ಇಳಿಸ್ಬೇಕು. ಆಗ ಕಲಿಯೋರು ಮಾಡೋದು ಒಂದೇ ಕೆಲ್ಸ, ಯೋಕ್ (ವಿಮಾನದ ಸ್ಟೀರಿಂಗ್) ಹಿಡ್ಕೊಂಡು ಮುಂದಕ್ಕೆ ತಳ್ಳಿಬಿಡೋದು. ಥ್ರಾಟಲ್ (ಎಂಜಿನ್ ಪವರ್ ಹೆಚ್ಚು-ಕಮ್ಮಿ ಮಾಡೋ ಹಿಡಿ) ಮುಟ್ಟಿರಲ್ಲ, ಆರ್‌ಪಿಎಂ ಮುಳ್ಳು ಕೆಂಪು ಗೆರೆ ಕಡೆ ಓಡ್ತಿರುತ್ತೆ, ನೆಲದ ಮೇಲಿದ್ದ ಪೆನ್ನು ಮುಖದ ಮುಂದೆ ತೇಲುತ್ತೆ.

ಮೊದ್ಲು ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದು ಪವರ್ ಐಡಲ್‌ಗೆ. ಕಾರ್ಬ್ಯುರೇಟರ್ ಎಂಜಿನ್ನಾದ್ರೆ ಅದಕ್ಕೂ ಮುಂಚೆ ಕಾರ್ಬ್ ಹೀಟ್ (ಕಾರ್ಬ್ಯುರೇಟರಲ್ಲಿ ಐಸ್ ಕಟ್ಟದಂಗೆ ಬಿಸಿಗಾಳಿ). ಕಾನ್‌ಸ್ಟಂಟ್ ಸ್ಪೀಡ್ ಪ್ರೊಪೆಲರ್ (ಬ್ಲೇಡಿನ ಕೋನ ಬದಲಾಗೋ ಥರದ್ದು) ಇದ್ರೆ ಅದರ ಲಿವರ್ ಪೂರ್ತಿ ಮುಂದಕ್ಕೆ, ಅದೇ ಬ್ರೇಕ್ ಥರ ಹಿಡಿಯುತ್ತೆ.

ಎಲ್ರೂ ಎಡವೋದು ಇಲ್ಲಿಂದ. ಮೂತಿ ತಳ್ಬೇಡಿ, 30ರಿಂದ 45 ಡಿಗ್ರಿ ಬ್ಯಾಂಕ್ ಹಾಕಿ (ರೆಕ್ಕೆ ಒಂದು ಕಡೆಗೆ ವಾಲಿಸಿ), ಮೂತಿ ತಾನಾಗೇ ಕೆಳಗೆ ಬರುತ್ತೆ, ಸೀಟಿಂದ ಯಾರೂ ಮೇಲೇಳಲ್ಲ, ಕೆಳಗೆ ಇನ್ನೊಂದು ವಿಮಾನ ಇದ್ರೆ ಅದೂ ಕಾಣುತ್ತೆ. ನಾನಂತೂ ಎಡಕ್ಕೇ ತಿರುಗಿ ಅಂತೀನಿ, ಎಡ ಸೀಟಿಗೆ ಆ ಕಡೆನೇ ಚೆನ್ನಾಗಿ ಕಾಣೋದು. ಆಮೇಲೆ ಕಣ್ಣು ಸ್ಪೀಡ್ ಮೇಲೆ. ಗಾಳಿ ಕುಲುಕ್ತಿದ್ರೆ ಮನೂವರಿಂಗ್ ಸ್ಪೀಡ್ (ಕುಲುಕಾಟನ ವಿಮಾನದ ಕಟ್ಟು ತಡೆಯೋ ಮಿತಿ) ದಾಟಂಗೇ ಇಲ್ಲ, ಅದೂ ತೂಕ ಕಮ್ಮಿಯಾದಷ್ಟು ಕಮ್ಮಿಯಾಗುತ್ತೆ: ಸೆಸ್ನಾ 172ಎಸ್‌ನಲ್ಲಿ 2550 ಪೌಂಡಿಗೆ 105 ನಾಟ್, 1900 ಪೌಂಡಿಗೆ 90 ನಾಟ್ ಅಷ್ಟೇ. ಒಬ್ರೇ ಹಾರೋವಾಗ ಇದು ಎಷ್ಟೋ ಜನಕ್ಕೆ ನೆನಪೇ ಇರಲ್ಲ. ಫ್ಲ್ಯಾಪ್ (ರೆಕ್ಕೆ ಹಿಂಬದಿಯಿಂದ ಕೆಳಗಿಳಿಯೋ ಹಲಗೆ) ಹಾಕಿದ್ರೆ ಸ್ಪೀಡ್ ಮಿತಿ ಇನ್ನೂ ಬಿಗಿ, ಅದೇ ವಿಮಾನದಲ್ಲಿ ಪೂರ್ತಿ ಫ್ಲ್ಯಾಪಿಗೆ 85. ಹಾಕ್ಬೇಕೋ ಬೇಡ್ವೋ ಅನ್ನೋದಕ್ಕೆ ನಿಮ್ಮ ವಿಮಾನದ ಹ್ಯಾಂಡ್‌ಬುಕ್ ನೋಡಿ, ವಿಡಿಯೋ ನೋಡ್ಬೇಡಿ.

ಈ ಸ್ಟೆಪ್ಸ್ ಫೋನಲ್ಲಿಟ್ಕೊಂಡು ಓದ್ತೀನಿ ಅನ್ನೋರಿಗೆ: ಗಾಜಿಗೆ ರಬ್ಬರ್ ಕಪ್ ಅಂಟಿಸೋ ಅಗ್ಗದ ಹೋಲ್ಡರ್ ಒಂದು ಬ್ಯಾಂಕ್ ಹಾಕಿದ್ದೇ ಕಿತ್ಕೊಂಡು ರಡರ್ ಪೆಡಲ್ ಸಂದಿಗೆ ಬಿದ್ದಿದ್ದು ನೋಡಿದೀನಿ. ಬಾಯಿಪಾಠ ಮಾಡಿ.

ಎಂಜಿನ್ನಿಗೇ ಬೆಂಕಿ ಬಿದ್ರೆ ಮಾತ್ರ ಲೆಕ್ಕ ಬೇರೆ. ಮಿಕ್ಸ್ಚರ್ (ಇಂಧನ-ಗಾಳಿ ಮಿಶ್ರಣದ ಹಿಡಿ) ಕಟ್, ಫ್ಯೂಯಲ್ ಬಂದ್, ಮಾಸ್ಟರ್ (ಕರೆಂಟಿನ ಮುಖ್ಯ ಸ್ವಿಚ್) ಆಫ್, ಕ್ಯಾಬಿನ್ ಹೀಟ್ ಮುಚ್ಚಿ, 172ಎಸ್‌ನಲ್ಲಿ 100 ನಾಟ್, ಬೆಂಕಿ ಆರದಿದ್ರೆ ಸ್ಪೀಡ್ ಇನ್ನೂ ಹೆಚ್ಚಿಸಿ.

ಮೇಡೇ (ರೇಡಿಯೋದಲ್ಲಿ ಆಪತ್ತಿನ ಕರೆ), 7700 (ರಾಡಾರಲ್ಲಿ ಕಾಣೋ ಆಪತ್ತಿನ ಕೋಡ್) ಎಲ್ಲಾ ಸ್ಪೀಡ್ ಹಿಡಿತಕ್ಕೆ ಬಂದ್ಮೇಲೆ.

ಇಳಿಯೋದನ್ನ ನಿಲ್ಲಿಸೋದು ಎಡವೋ ಇನ್ನೊಂದು ಜಾಗ. ನಿಮಿಷಕ್ಕೆ 2000 ಅಡಿ ಇಳೀತಿದ್ರೆ ನಿಲ್ಲಬೇಕಾದ ಎತ್ತರಕ್ಕೆ 200 ಅಡಿ ಮುಂಚೆ ಶುರು ಮಾಡಿ ಅಂತಾರೆ, ನಾನು 300 ಅಂತೀನಿ. ಮೊದ್ಲು ರೆಕ್ಕೆ ಸಮ, ಆಮೇಲೆ ಯೋಕ್ ಎಳೀರಿ. ಬ್ಯಾಂಕ್‌ನಲ್ಲೇ ಎಳೆದ್ರೆ ಸುರುಳಿ ಬಿಗಿಯಾಗುತ್ತೆ, ಜಿ (ಮೈ ಮೇಲೆ, ರೆಕ್ಕೆ ಮೇಲೆ ಬೀಳೋ ಭಾರ) ಏರುತ್ತೆ, ಎತ್ತರ ಮಾತ್ರ ಸೋರ್ತಾನೇ ಇರುತ್ತೆ. ಮಟ್ಟ ಆದ್ಮೇಲೆ ಪವರ್ ನಿಧಾನಕ್ಕೆ ಕೊಡಿ, ಎಂಜಿನ್ ತಣ್ಣಗಾಗಿರುತ್ತೆ.