ಮೇಷ್ಟ್ರು ಕೊನೆಗೆ ಬರಲಿ: ಹಾಸನದಲ್ಲಿ ನಮ್ಮ ಕಲಿಕೆಯ ಕೂಟ ನಡೆದ ಬಗೆ

ಹಾಸನದ ನನ್ನ ಮುದ್ರಣಾಲಯದ ಮಹಡಿಯಲ್ಲಿ ಕಲೆ, ವಿಚಾರ ಮತ್ತು ಊರಿನ ಬದುಕನ್ನು ಒಟ್ಟಿಗೆ ಕಲಿಯುವ ಕೂಟವೊಂದು ನಾಲ್ಕೈದು ವರ್ಷಗಳಿಂದ ನಡೆಯುತ್ತಿದೆ. ‘ಇದೇನು ಬೆಂಗಳೂರೇ? ಮದುವೆಗೆ ಜನ ಬರುತ್ತಾರೆ, ಚುನಾವಣೆಗೆ ಬರುತ್ತಾರೆ, ಇದಕ್ಕೆ ಯಾರು ಬರುತ್ತಾರೆ ಸ್ವಾಮಿ?’ ಎಂದು ಕೇಳಿದ್ದ ಗೆಳೆಯರೇ ಈಗ ಕ್ರಮ ಹೇಗೆಂದು ವಿಚಾರಿಸುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಓದುಕೂಟ, ಶಿಬಿರ ನಡೆಸಿದವರಿಗೆ ಜಾಗ ಹುಡುಕುವುದು, ಕರಪತ್ರ ಹಂಚುವುದು ಮೊದಲಾದವು ಗೊತ್ತೇ ಇರುವುದರಿಂದ ಅವನ್ನೆಲ್ಲ ಬಿಟ್ಟಿದ್ದೇನೆ.

ಮೊದಲು ನಡೆಸಿದ್ದು ಎಲ್ಲರಂತೆ ಉಪನ್ಯಾಸ ಮಾಲೆ. ಬೆಂಗಳೂರು, ಮೈಸೂರುಗಳಿಂದ ವಿದ್ವಾಂಸರನ್ನು ಕರೆಸಿದೆವು. ಕಾರು, ವಸತಿ, ಶಾಲು, ಹಾರಗಳೆಲ್ಲ ಸೇರಿ ಒಂದು ಉಪನ್ಯಾಸಕ್ಕೆ ಏಳೆಂಟು ಸಾವಿರ ರೂಪಾಯಿ ತಗುಲುತ್ತಿತ್ತು. ಮೊದಲ ದಿನ ಅರವತ್ತರ ಹತ್ತಿರ ಜನ ಬಂದರು, ನಾಲ್ಕನೆಯದಕ್ಕೆ ಸಂಘಟಕರನ್ನೂ ಸೇರಿಸಿ ಹತ್ತು ಜನ ಇದ್ದಿರಬಹುದು. ಆಮೇಲೆ ಶುಲ್ಕವಿಟ್ಟು ಚಿತ್ರಕಲೆಯ ತರಗತಿ ತೆರೆದರೆ ಪೋಷಕರು ಕೇಳಿದ್ದು ಒಂದೇ ಪ್ರಶ್ನೆ, ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಕೂರಿಸುತ್ತೀರೋ ಇಲ್ಲವೋ ಎಂದು. ಶುಲ್ಕ ತೆಗೆದುಹಾಕಿದೆವು, ಪುಕ್ಕಟೆಯಾದ ಮೇಲೆ ಒಮ್ಮೆ ಬಂದವರು ಇನ್ನೊಮ್ಮೆ ಬರುವುದೇ ನಿಂತಿತು. ಈ ಮೂರು ಸುತ್ತುಗಳಲ್ಲಿ ಕೈಬಿಟ್ಟ ಹಣ ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ ಇದ್ದೀತು.

ನಮ್ಮ ಕಣ್ಣೆದುರಿಗಿದ್ದ ದೊಡ್ಡ ಮಾದರಿ 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ. ಆದರೆ ಅದರ ಹಿಂದಿರುವ ರಂಗಮಂದಿರ ಮತ್ತು ದಶಕಗಳ ದುಡಿಮೆಯನ್ನು ಒಂದು ಮಹಡಿಗೆ ತರಲಾಗದು. ದಾರಿ ತೋರಿದ್ದು ದೂರದ, ಚಿಕ್ಕ ಮಾದರಿ. 2007ರಲ್ಲಿ ಲಾಸ್ ಏಂಜಲೀಸಿನ ಟೆಲಿಕ್ ಆರ್ಟ್ಸ್ ಎಕ್ಸ್‌ಚೇಂಜ್ ಎಂಬ ಕಲಾಕೇಂದ್ರದಲ್ಲಿ ಆರಂಭವಾದ ‘ದಿ ಪಬ್ಲಿಕ್ ಸ್ಕೂಲ್’ ಪಠ್ಯಕ್ರಮವೇ ಇಲ್ಲದ ಶಾಲೆಯಾಗಿತ್ತು. ಯಾರು ಬೇಕಾದರೂ ಒಂದು ತರಗತಿಯನ್ನು ಸೂಚಿಸಬಹುದು, ಆಸಕ್ತಿಯಿದ್ದವರು ಹೆಸರು ಬರೆಸಬಹುದು, ಸಾಕಷ್ಟು ಹೆಸರು ಸೇರಿದ ಮೇಲೆ ಕಲಿಸುವವರನ್ನು ಹುಡುಕಲಾಗುತ್ತಿತ್ತು. ನಾವು ಮೇಷ್ಟ್ರನ್ನು ಮೊದಲು ಗೊತ್ತುಮಾಡಿ ಜನರನ್ನು ಆಮೇಲೆ ಹುಡುಕುತ್ತಿದ್ದೆವು. ಈ ಕ್ರಮವನ್ನು ತಿರುಗಿಸಿದೆವು.

ಮುದ್ರಣಾಲಯದ ಹೊರಗೆ ಒಂದು ಹಲಗೆ ತೂಗುಹಾಕಿ, ಕಲಿಯಬೇಕಾದುದನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಕೆಳಗೆ ಸಹಿ ಹಾಕಿ ಎಂದೆವು. ಒಂಬತ್ತು ಸಹಿ ಬಿದ್ದರೆ ತರಗತಿ ನಡೆಯುತ್ತದೆ, ಇಲ್ಲದಿದ್ದರೆ ಎರಡು ತಿಂಗಳಿಗೆ ಚೀಟಿ ಇಳಿಯುತ್ತದೆ. ಸಹಿ ಹಾಕಿದವರು ಐನೂರು ರೂಪಾಯಿ ಮುಂಗಡ ಇಡಬೇಕು, ಬಂದ ಒಂದೊಂದು ದಿನಕ್ಕೂ ಎಂಬತ್ತು ರೂಪಾಯಿ ಮರಳಿ ಪಡೆಯಬೇಕು. ತರಗತಿಯ ಐದೂ ದಿನ ಬಂದವರ ನೂರು ರೂಪಾಯಿ ಮಾತ್ರ ಡಬ್ಬಿಯಲ್ಲಿ ಉಳಿಯುತ್ತದೆ, ತಪ್ಪಿಸಿದವರದು ಹೆಚ್ಚು ಉಳಿಯುತ್ತದೆ. ಇದನ್ನು ಕೇಳಿ ನಕ್ಕವರು ಬಹಳ. ಆದರೆ ಪುಕ್ಕಟೆ ಇದ್ದಾಗ ಬಾರದವರು ತಮ್ಮದೇ ಎಂಬತ್ತು ರೂಪಾಯಿಗಾಗಿ ಮಳೆಯಲ್ಲಿ ನೆನೆದುಕೊಂಡು ಬಂದರು. ಡಬ್ಬಿಯ ಹಣ ಚಹಾಕ್ಕೂ ಕಲಿಸುವವರ ಬಸ್ ಚಾರ್ಜಿಗೂ ಸರಿಹೋಗುತ್ತದೆ; ಜಾಗ, ಕಾಗದ, ಜೆರಾಕ್ಸ್ ನನ್ನವು. ಮೊದಲ ದಿನ ಬಾಯಿ ಬಿಡದವರನ್ನು ಮಾತಿಗೆಳೆಯಲು ನಾನು ಬಳಸುವ ಉಪಾಯವೊಂದಿದೆ. ಅದನ್ನು ಇಲ್ಲಿ ಬರೆದರೆ ಮುಂದೆ ಬರುವವರ ಮೇಲೆ ಅದು ನಡೆಯುವುದಿಲ್ಲವಾದ್ದರಿಂದ, ಬೇಕಾದವರು ಬಂದು ಕೂತು ನೋಡಬಹುದು.

ಈ ಕ್ರಮದ ಮೇಲೆ ನನಗೇ ನಂಬಿಕೆ ಬಂದದ್ದು ಸಂತೆಪೇಟೆಯ ಕಡೆ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬರು ಅಂಟಿಸಿದ ಚೀಟಿಯಿಂದ. ಮಳೆ ಬಂದರೆ ತಮ್ಮ ಅಂಗಡಿಗೇ ನೀರು ಏಕೆ ನುಗ್ಗುತ್ತದೆ ಎಂಬುದನ್ನು ಅವರು ಕಲಿಯಬೇಕಿತ್ತು. ಇದು ಕಲೆಯೂ ಅಲ್ಲ, ವಿಚಾರವೂ ಅಲ್ಲ ಎಂದು ಕೆಲವರು ಗೊಣಗುತ್ತಿರುವಾಗಲೇ ಹದಿನೈದಕ್ಕಿಂತ ಹೆಚ್ಚು ಸಹಿ ಬಿದ್ದವು. ಕಲಿಸಲು ಬಂದವರು ನಿವೃತ್ತ ಭೂಮಾಪಕರು. ‘ನಾನು ಮೇಷ್ಟ್ರಲ್ಲಪ್ಪ’ ಎನ್ನುತ್ತಲೇ ಎರಡೂವರೆ ಗಂಟೆ ಮಾತನಾಡಿದರು. ಭೂಮಿ ಅಳೆಯುವ ಸರಪಳಿಯೆಂದರೆ 33 ಅಡಿ, ಅದರ 16 ಸಮಭಾಗಗಳಿಗೆ ಆಣೆ ಎಂದು ಹೆಸರು, ಸರಪಳಿಯ ಚೌಕ 1089 ಚದರ ಅಡಿಯ ಒಂದು ಗುಂಟೆ, 40 ಗುಂಟೆಗೆ ಎಕರೆ. ಒಂದು ಇಂಚಿಗೆ 20 ಸರಪಳಿಯ ಅಳತೆಯ ಗ್ರಾಮನಕ್ಷೆಯಲ್ಲಿ ಮೊಂಡು ಪೆನ್ಸಿಲ್ಲಿನ ಒಂದು ಮಿಲಿಮೀಟರ್ ಗೆರೆ ನೆಲದ ಮೇಲೆ ಸುಮಾರು 26 ಅಡಿಯಾಗುತ್ತದೆ ಎಂದು ಅವರು ಲೆಕ್ಕ ಹಾಕಿ ತೋರಿಸಿದಾಗ, ಒಂದು ಕಾಲುವೆ ಪೂರ್ತಿಯಾಗಿ ಗೆರೆಯ ದಪ್ಪದೊಳಗೆ ಅಡಗಿಹೋಗಬಲ್ಲದೆಂಬುದು ಎಲ್ಲರಿಗೂ ಹೊಳೆಯಿತು. ಆಮೇಲೆ ನಕ್ಷೆಯ ಪ್ರತಿ, ಫೋನಿನಲ್ಲಿ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ಮತ್ತು ಒಂದು ಟೇಪು ಹಿಡಿದು ಹುಣಸಿನಕೆರೆಯ ಕಡೆಯಿಂದ ಆರಂಭಿಸಿ ನೀರಿನ ಹಾದಿಯನ್ನು ನಡೆದೇ ಗುರುತಿಸಿದೆವು. ನಕ್ಷೆಯ ಕಾಲುವೆ ಎರಡು ಕಡೆ ಗೋಡೆಯೊಳಗೆ ಹೋಗುತ್ತಿತ್ತು. ಅರ್ಜಿಯನ್ನೂ ಕೊಟ್ಟೆವು, ಅದರ ಕಥೆ ಇಲ್ಲಿ ಬೇಡ.

ವಿಚಾರವನ್ನು ತಂದದ್ದು ಈ ನಡಿಗೆಯ ನಂತರ. 1960ರ ದಶಕದ ಕೊನೆಯಿಂದ ಫ್ರಾನ್ಸಿನ ಚಿಂತಕ ಆನ್ರಿ ಲೆಫೆವ್ರ್ ನಗರದ ಮೇಲೆ ಅಲ್ಲಿ ಬದುಕುವವರಿಗಿರುವ ಹಕ್ಕನ್ನೂ, ನಗರದ ಜಾಗವೆಂಬುದು ಸಮಾಜ ಉತ್ಪಾದಿಸುವ ವಸ್ತು ಎಂಬುದನ್ನೂ ವಾದಿಸಿದ್ದನ್ನು ನಾನು ಎರಡು ಪುಟಗಳ ಕನ್ನಡ ಸಾರವಾಗಿ ಮಾಡಿ ಹಂಚಿದೆ. ಗಟ್ಟಿಯಾಗಿ ಓದಿ ಮುಗಿಸುವಷ್ಟರಲ್ಲಿ ಆ ಹೆಣ್ಣುಮಗಳೇ ‘ಜಾಗ ಅನ್ನೋದು ಇರೋದಲ್ಲ ಸಾರ್, ಮಾಡ್ಕೊಳ್ಳೋದು, ಕೈಲಾದೋರು ಮಾಡ್ಕೊಂಡ್ರು, ನೀರು ನಮ್ಮಂಗಡಿಗೆ ಬಂತು’ ಎಂದರು. ಅಂದಿನಿಂದ ನಮ್ಮಲ್ಲಿ ಒಂದು ನಿಯಮವಿದೆ: ಊರಿನದೇ ಉದಾಹರಣೆ ಯಾರಾದರೂ ಕೊಡುವವರೆಗೆ ಯಾವ ಪರಿಭಾಷೆಯನ್ನೂ ತರಗತಿಯ ಕರಿಹಲಗೆಯ ಮೇಲೆ ಬರೆಯುವುದಿಲ್ಲ.

ಕಲೆಯ ತರಗತಿಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ನಮ್ಮ ಜಿಲ್ಲೆಯದೇ ಆದ ನುಗ್ಗೇಹಳ್ಳಿಯದು. 1246ರ ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ಕೆಲಸ ಮಾಡಿ ಹೆಸರು ಕೆತ್ತಿದ್ದಾರೆ. ಹೆಸರುಗಳ ಕಡೆ ನೋಡದೆ, ಆಭರಣ ಮತ್ತು ಮುಖದ ಕೆತ್ತನೆಯಿಂದಲೇ ಇಬ್ಬರ ಕೈಕೆಲಸವನ್ನು ಬೇರ್ಪಡಿಸಿ ಎಂದು ಒಬ್ಬೊಬ್ಬರಿಗೂ ನೋಟ್‌ಬುಕ್ಕು ಕೊಟ್ಟು ಕೂರಿಸಿದೆವು. ಅರ್ಧಕ್ಕಿಂತ ಹೆಚ್ಚು ಜನ ಸರಿ ಹೇಳಿದರು. ಆ ದೇವಾಲಯಕ್ಕೆ ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆಂಬುದನ್ನು ಬಾಯಿಮಾತಿನಲ್ಲಿ ಹೇಳುವ ಬದಲು ಬಟ್ಟೆ ಸೋಪಿನ ಬಾರುಗಳನ್ನು ತಂದು, ಹೊಸದನ್ನೂ ತಿಂಗಳು ಒಣಗಿಸಿದ್ದನ್ನೂ ಕೆತ್ತಿಸಿ ನೋಡಿದೆವು. ಹೊಸ ಸೋಪಿನಲ್ಲಿ ಬಳ್ಳಿಯ ಸುಳಿ ಬಂತು, ಒಣಗಿದ್ದರಲ್ಲಿ ಚಕ್ಕೆ ಎದ್ದಿತು. ಖರ್ಚು ಇನ್ನೂರೈವತ್ತು ರೂಪಾಯಿ ದಾಟಲಿಲ್ಲ, ಉಳಿದ ಸೋಪು ಮನೆಗೆ ಹೋಯಿತು.

ಕಾಲದ ವಿಷಯದಲ್ಲಿ ಒಂದು ಮಾತು. ದೀಪಾವಳಿಯ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆದರೆ ಊರು ಪೂರ್ತಿ ತುಂಬಿ, ನೆಂಟರು ಬಂದಿಳಿದು ಯಾವ ತರಗತಿಯೂ ಸಾಗದು. ಅದರ ಬೆನ್ನಿಗೆ ಕಾಫಿ ಕೊಯ್ಲು ಬರುವುದರಿಂದ ಬೇಲೂರು, ಸಕಲೇಶಪುರದ ಕಡೆಯವರು ಫೆಬ್ರವರಿಯವರೆಗೂ ಸಿಗುವುದಿಲ್ಲ. ಆದ್ದರಿಂದ ದೊಡ್ಡ ತರಗತಿಗಳನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆಯ ನಡುವೆಯೇ ಇಡುತ್ತೇವೆ.

ಹೆಸರಾದ ಮೇಲೆ ಪ್ರಾಯೋಜಕರೂ ಬಂದರು. ಒಬ್ಬರು ವರ್ಷಕ್ಕೆ ಐವತ್ತು ಸಾವಿರ ಕೊಡಲು ಸಿದ್ಧರಿದ್ದು, ಹಲಗೆಯ ಮೇಲ್ಭಾಗದಲ್ಲಿ ತಮ್ಮ ಭಾವಚಿತ್ರ ಇರಬೇಕೆಂದರು. ಹಣ ಬಂದರೆ ಶಾಲು, ಹಾರ, ಕಾರುಗಳು ಮೊದಲಿನಂತೆಯೇ ಮರಳುತ್ತವೆಂದು ಬೇಡವೆಂದೆ. ಡಬ್ಬಿಯಲ್ಲಿ ಈಗ ಹನ್ನೊಂದು ಸಾವಿರದ ಆಸುಪಾಸು ಇದೆ. ಮುಂದಿನ ಮಳೆಗಾಲಕ್ಕೆ ಹಳೆಯ ಬೋರ್ಡು ಬರಹಗಾರರಿಂದ ಕನ್ನಡ ಅಕ್ಷರ ಬರೆಯುವುದನ್ನು ಕಲಿಯಬೇಕೆಂಬ ಚೀಟಿಗೆ ಒಂಬತ್ತು ಸಹಿ ಬಿದ್ದಿರುವುದರಿಂದ, ಅದರಲ್ಲಿ ಸ್ವಲ್ಪ ಕುಂಚಕ್ಕೂ ಎನಾಮಲ್ ಬಣ್ಣಕ್ಕೂ ಹೋಗಲಿದೆ.