ಮಾಡ್ಯೂಲ್ ಬದಲಿಸುವ ಮೊದಲು ಚಕ್ರ ಬಿಚ್ಚಿ ನೋಡಿಸಿ

ಕಳೆದ ಆಷಾಢದಲ್ಲಿ ಆಗುಂಬೆ ಘಾಟಿಯ 14 ತಿರುವು ಹತ್ತಿ ಬಂದ ಮರುದಿನ, ನಮ್ಮ ಕಾರಿನಲ್ಲಿ ಜಾರುವ ಕಾರಿನ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ಸರ್ವಿಸ್ ಸೆಂಟರಿನವರು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ನಿಯಂತ್ರಿಸುವ ಮಾಡ್ಯೂಲನ್ನೇ ಬದಲಿಸಬೇಕೆಂದು 80,000 ರೂಪಾಯಿಯ ಅಂದಾಜು ಪಟ್ಟಿ ಕೈಗಿಟ್ಟರು. ವಾರಂಟಿ ಮುಗಿದು ಎಂಟು ತಿಂಗಳಾಗಿತ್ತು.

ಸ್ಕ್ಯಾನ್‌ನಲ್ಲಿ ಬಂದ ದೋಷದ ಕೋಡ್ ಬರೆದುಕೊಡಿ ಎಂದೆ. ನೋಡಿದರೆ ಅದು ಹಿಂದಿನ ಎಡ ಚಕ್ರದ ಸ್ಪೀಡ್ ಸೆನ್ಸರಿನದು! ಪರಿಚಯದ ಮೆಕ್ಯಾನಿಕ್ ಚಕ್ರ ಬಿಚ್ಚಿದಾಗ ಕನೆಕ್ಟರಿನಲ್ಲಿ ಹಸಿರು ಕಿಲುಬು, ಕೆಂಪು ಕೆಸರು. ವೈರಿನ ಮೇಲೆ ಇಲಿಯ ಹಲ್ಲಿನ ಗುರುತು. ಅಡಿಕೆ ಮೂಟೆಗಳ ಪಕ್ಕ ಕಾರು ನಿಲ್ಲಿಸುವವರಿಗೆ ಇದೇನು ಹೊಸದಲ್ಲ. ಸೆನ್ಸರ್, ವೈರು ಬದಲಿಸಿದ ಮೇಲೆ ದೀಪ ಆರಿತು.

ಆದ್ದರಿಂದ ಕೋಡ್ ನೋಡದೆ ಒಪ್ಪಿಗೆ ಕೊಡಬೇಡಿ. ಬ್ಯಾಟರಿ ಸೋತಿದ್ದರೂ, ನಾಲ್ಕು ಟೈರುಗಳ ಅಳತೆ ಬೇರೆ ಬೇರೆಯಿದ್ದರೂ ಈ ದೀಪ ಹೊತ್ತಬಹುದು. ಮಾಡ್ಯೂಲೇ ಕೆಟ್ಟಿದ್ದರೆ, ಅದರ ಎಲೆಕ್ಟ್ರಾನಿಕ್ ಬೋರ್ಡನ್ನು ಮಾತ್ರ ರಿಪೇರಿ ಮಾಡಲು ಸಾಧ್ಯವೇ ಎಂದು ವಿಚಾರಿಸಿ. ಹಳೆಯ ಮಾಡ್ಯೂಲ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ: ಪಾರ್ಟ್ ನಂಬರ್ ಹೊಂದಬೇಕು, ನಿಮ್ಮ ಕಾರಿಗೆ ಹೊಂದುವಂತೆ ಅದರ ಸಾಫ್ಟ್‌ವೇರ್ ಕೋಡಿಂಗ್ ಮಾಡಿಸಬೇಕು, ಬ್ರೇಕ್ ಲೈನಿನ ಗಾಳಿಯನ್ನೂ ತೆಗೆಸಬೇಕು. ಸರ್ವಿಸ್ ದಾಖಲೆ ಸರಿಯಿದ್ದರೆ ಖರ್ಚಿನಲ್ಲಿ ಪಾಲು ಕೊಡುವಂತೆ ಕಂಪನಿಗೆ ಇಮೇಲ್ ಬರೆಯಿರಿ, ಕೇಳುವುದರಲ್ಲಿ ನಾಚಿಕೆಯೇನು?

ಹಳದಿ ದೀಪ ಮಾತ್ರವಿದ್ದರೆ ಸಾಮಾನ್ಯವಾಗಿ ಬ್ರೇಕ್ ಹಿಡಿಯುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಚಕ್ರ ಜಾರಬಹುದು. ಕೆಂಪು ಬ್ರೇಕ್ ದೀಪವೂ ಸೇರಿಕೊಂಡರೆ ಕಾರು ಓಡಿಸಬೇಡಿ, ಟೋಯಿಂಗ್ ಗಾಡಿ ಕರೆಸಿ.