ಮುರುಮಿನ ದಾರ್ಯಾಗ ಸೈಕಲ್ ಹೊಡಿಯೋದು ಹ್ಯಾಂಗ? ಮೊದಲ ಟೈರಿನ ಹವಾ ಇಳಸ್ರಿ

ಹೋದ ಚಳಿಗಾಲದಾಗ ಬೀದರ್ ಹೊರಗ ಕಮಠಾಣಾ ಕಡೆ ಕೆಂಪು ಮುರುಮಿನ (ಹರಳು ಮಣ್ಣಿನ) ದಾರ್ಯಾಗ ಐದು ಮಂದಿ ಹುಡುಗರು ಸಿಕ್ಕಿದ್ರು. ಹೊಸ ಸೈಕಲ್, ಹೆಲ್ಮೆಟ್, ಕೈಗವಸು ಎಲ್ಲಾ ಬರಾಬರ್ ಇತ್ತು. ಒಬ್ಬ ಮಾತ್ರ ದಾರಿ ಮಗ್ಗಲಿಗೆ ಕೂತು ಟ್ಯೂಬ್ ಬದಲ ಮಾಡ್ಲತ್ತಿದ್ದ, ಅದು ಮೂರನೇ ಟ್ಯೂಬಂತ, ಮೂರೂ ಪಂಚರ್ ಒಂದೇ ಕಿಲೋಮೀಟರ್‌ನಾಗ ಆಗಿದ್ದು. ಉಳಿದವರ ಟೈರ್ ಹೆಬ್ಬೆರಳಿಂದ ಒತ್ತಿ ನೋಡಿದ್ರ ಕಲ್ಲಿನಂಗ ಗಟ್ಟಿ. "ಎಷ್ಟು ಹವಾ ಹೊಡ್ಸೀರಿ ತಮ್ಮಾ?" ಅಂದೆ. "ಫುಲ್ ಹೊಡ್ಸೀವ್ರಿ ಕಾಕಾ, ಕಚ್ಚಾ ರಸ್ತಾ ಅದ ಅಂತ" ಅಂದ್ರು. ಹವಾ ಹಿಂಗ ಹೊಡಸೋದು, ಮುಳ್ಳು ತೆಗೀದೆ ಟ್ಯೂಬ್ ಬದಲ ಮಾಡೋದು, ಇವೆರಡು ತಪ್ಪು ನಾ ಪ್ರತಿ ವರ್ಷ ನೋಡ್ತೀನಿ. ಎಷ್ಟೋ ಮಂದಿ ಒಂದೇ ಸಲ ಹೋಗಿ, ಬ್ಯಾಸತ್ತು, ಮತ್ತ ಹೈವೇಕ್ಕೇ ವಾಪಸ್ ಹೋಗಿ ಲಾರಿ ಮಗ್ಗಲಾಗ ಸೈಕಲ್ ಹೊಡೀಲತ್ತಾರ. ಅದಕ್ಕೇ ಇದನ್ನ ಬರೀಲತ್ತೀನಿ.

ಮೊದಲ್ನೇದು ದಾರಿ. ಬೀದರ್ ಊರು ಕುಂತಿರೋದೇ ಕೆಂಪು ಜಂಬಿಟ್ಟಿಗೆ ಕಲ್ಲಿನ ದಿನ್ನಿ ಮ್ಯಾಲ, ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರ, ಆದ್ರ ಮ್ಯಾಲ ಏರಿದ ಮ್ಯಾಲ ಬಹಳಷ್ಟು ಸಪಾಟ್. ಕೋಟೆ ಸುತ್ತಲಿನ ಕಂದಕ ಕಡಿದಿದ್ದು ಇದೇ ಕಲ್ಲಿನಾಗ. ಈ ಕಲ್ಲು ಜಾಳಿಗಿ ಇದ್ದಂಗ, ಮಳಿ ನೀರು ತಡೀದೆ ಕೆಳಗ ಇಳೀತದ, ಕೆಳಗಿನ ಕರಿ ಕಲ್ಲಿಗೆ ಬಡಿದು ದಿನ್ನಿ ಅಂಚಿನಾಗ ಝರಿ ಆಗಿ ಹೊರಗ ಬರ್ತದ. ಊರಿನ ಗುರುದ್ವಾರ ನಾನಕ್ ಝರಾದಾಗ ವರ್ಷಪೂರ್ತಿ ನೀರು ಹರಿಯೋದಕ್ಕೂ, ನೌಬಾದ್ ಹತ್ತಿರ ಹಿಂದಿನವ್ರು ಸುರಂಗ ಬಾವಿ ತೋಡಿದ್ದಕ್ಕೂ ಕಾರಣ ಇದೇ. ಸೈಕಲ್‌ನವ್ರಿಗೆ ಇದರ ಲಾಭ ಏನಂದ್ರ, ಮಳಿ ಬಂದು ಒಂದೆರಡು ದಿನ ಬಿಸಿಲು ಬಿದ್ರ ಸಾಕು, ಕೆಂಪು ದಾರಿ ಒಣಗಿ ಗಟ್ಟಿ ಆಗ್ತದ. ದಿನ್ನಿ ಇಳಿದು ಎರಿ (ಕರಿ) ಮಣ್ಣಿಗೆ ಹೋದ್ರೋ, ಅದೇ ಮಳಿಗೆ ನಾಕೈದು ದಿನ ಕಾಲಿಡಾಕ ಆಗಂಗಿಲ್ಲ. ಎರಿ ಮಣ್ಣು ಟೈರಿಗೆ ಸುತ್ತಿ, ಫೋರ್ಕ್‌ನಾಗ ತುಂಬಿ, ಬ್ರೇಕ್ ಜಾಮ್ ಆಗಿ, ಕಡೀಕ ಸೈಕಲ್ ಹೆಗಲ ಮ್ಯಾಲ ಹೊತ್ಕೊಂಡು ಬರೋದಾಗ್ತದ. ಅನುಮಾನ ಇದ್ರ ಒಂದು ಮುಷ್ಟಿ ಮಣ್ಣು ಹಿಡಿದು ಒತ್ತಿ ನೋಡ್ರಿ, ಉಂಡಿ ಕಟ್ಟಿದ್ರ ಆ ದಿನ ಬ್ಯಾಡ.

ದಾರಿ ಹುಡುಕೋದು ಸರಳ ಅದ. ಫೋನಿನ ಮ್ಯಾಪ್‌ನಾಗ ಸ್ಯಾಟಲೈಟ್ ಹಾಕ್ರಿ, ಕೆಂಪಗ ಕಾಣೋ ಸಣ್ಣ ಗೆರಿ ಹಿಡೀರಿ, ಕಪ್ಪು ಗೆರಿ ಬಿಡ್ರಿ. ಕಲಬುರಗಿ, ಯಾದಗಿರಿ ಕಡೆಯವ್ರಿಗೆ ಹೊಲದ ದಾರಿ ಹೆಚ್ಚು ಎರಿಯಾಗೇ ಬರ್ತಾವ. ಅವ್ರು ಕೆನಾಲ್ ದಂಡಿ ನೋಡ್ಬೇಕು, ಶಹಾಪುರ ಸುರಪುರ ಕಡೆ ನಾರಾಯಣಪುರ ಎಡದಂಡೆ ಕಾಲುವೆ ಮಗ್ಗಲಿನ ದಾರಿ ಹಂಗ. ನೀರು ಮೆಲ್ಲಕ ಹರೀಲಿ ಅಂತ ಕಟ್ಟಿದ್ದಕ್ಕ ಏರಿಳಿತನೇ ಇರಂಗಿಲ್ಲ. ಗೇಟ್ ಹಾಕಿದ್ರ ಒಳಗ ಹೋಗ್ಬ್ಯಾಡ್ರಿ, ನೀರು ಬಿಟ್ಟ ದಿನ ಅಂಚಿಗೆ ಹೋಗ್ಬ್ಯಾಡ್ರಿ.

ಕಾಡಿನ ಮಾತು ಬ್ಯಾರೆ. ಹೊನ್ನಿಕೇರಿ ಕಾಡು ಇರ್ಲಿ, 2011ರಾಗ ಅಭಯಾರಣ್ಯ ಆದ ಚಿಂಚೋಳಿ ಇರ್ಲಿ, ಅರಣ್ಯ ಇಲಾಖೆ ಆಫೀಸಿಗೆ ಹೋಗಿ ಕೇಳ್ದೆ ಒಳಗ ಗಾಲಿ ಇಡಬ್ಯಾಡ್ರಿ. ಬೀದರ್‌ನಾಗ ಏರ್‌ಫೋರ್ಸ್ ಕಂಪೌಂಡ್ ಹತ್ತಿರದ ದಾರಿನೂ ಬಿಟ್ಟುಬಿಡ್ರಿ. ಬಯಲಿನಾಗ ಚಿಗರಿ ಹಿಂಡು ಕಂಡ್ರ ನಿಂತುಬಿಡ್ರಿ. ಹಿಂದ ಬೆನ್ನತ್ತಿ ವಿಡಿಯೋ ಮಾಡೋರ್ನ ನೋಡೀನಿ, ಅವು ಹೆದರಿ ತಂತಿ ಬೇಲಿಗೆ ಹೋಗಿ ಬೀಳ್ತಾವ.

ನೆದರ್ಲೆಂಡ್ಸ್‌ನಾಗ ಡೆ ಹೋಗೆ ವೆಲ್ವೆ ಅಂತ ಒಂದು ನ್ಯಾಷನಲ್ ಪಾರ್ಕ್ ಅದ, 1935ರಾಗ ಶುರು ಆಗಿದ್ದು. ಅಲ್ಲಿ ಸಪಾಟ್ ಕಾಡು, ಮರಳು, ನೇರಳಿ ಬಣ್ಣದ ಹೂ ಬಿಡೋ ಹೀದರ್ ಗಿಡದ ಬಯಲು, ಒಳಗ ಹೋದವ್ರಿಗೆ ತಿರಗಾಡಾಕ ಬಿಳಿ ಸೈಕಲ್ ಪುಕ್ಕಟೆ. ನಮ್ಮಲ್ಲಿ ಆ ವ್ಯವಸ್ಥಾ ಇಲ್ಲ, ಆದ್ರ ಸಪಾಟ್ ಬಯಲು ಅದ, ಕುರುಚಲು ಕಾಡು ಅದ, ಮುಂಜಾನಿ ಆರಕ್ಕ ಹೋದ್ರ ಒಂದು ತಾಸು ಒಂದೂ ಗಾಡಿ ಸಿಗದ ದಾರಿ ಅದ. ಆ ಬಯಲಿಗೂ ಈ ಬಯಲಿಗೂ ದೊಡ್ಡ ಫರಕ್ ಮುಳ್ಳು. ಅದಕ್ಕ ಆಮ್ಯಾಲ ಬರ್ತೀನಿ.

ಸೈಕಲ್ ಯಾವ್ದು? ಕಚ್ಚಾ ದಾರಿಗಂತನೇ ಮಾಡಿದ ಲಕ್ಷ ರೂಪಾಯಿ ಗ್ರಾವೆಲ್ ಬೈಕ್ ಬ್ಯಾಡ್ರಿ. 38 ಇಲ್ಲಾ 40 ಮಿಲಿಮೀಟರ್ ಅಗಲದ ಟೈರ್ ಹಿಡಿಯೋ ಹೈಬ್ರಿಡ್ (ಡಾಂಬರ್, ಕಚ್ಚಾ ಎರಡೂ ದಾರಿಗೆ ನಡಿಯೋ ಸೈಕಲ್) ಇದ್ರ ಸಾಕು. ಸಸ್ತಾ ಸೈಕಲ್‌ಗೆ ಮುಂದ ಶಾಕಪ್ ಹಾಕಿ ಮಾರ್ತಾರಲ್ಲ, ಅದನ್ನಂತೂ ತಗೋಬ್ಯಾಡ್ರಿ. ತೂಕ ಹೆಚ್ಚು, ಒಂದು ವರ್ಷಕ್ಕ ಜಾಮ್, ಮತ್ತ ಅದು ಮಾಡೋ ಕೆಲಸ ಅಗಲ ಟೈರಿನ ಹವಾನೇ ಮಾಡ್ತದ.

ಇನ್ನ ಹವಾ. ಇಲ್ಲಿ ಜರಾ ನಿಧಾನಕ ಓದ್ರಿ. ಟೈರ್ ಗಟ್ಟಿ ಇದ್ರ ಮುರುಮಿನ ಪ್ರತಿ ಹರಳಿಗೂ ಗಾಲಿ ಪುಟೀತದ, ಪುಟಿದಾಗ ನೆಲದ ಹಿಡಿತ ತಪ್ತದ, ತಿರುವಿನಾಗ ಜಾರ್ತದ, ಕೈ ಜೋಮು ಹಿಡೀತದ. ಹವಾ ಇಳಿಸಿದ್ರ ಟೈರೇ ಹರಳನ್ನ ನುಂಗ್ಕೊಂಡು ಹೋಗ್ತದ. ಟೈರ್ ಮಗ್ಗಲಿಗೆ ಬರದ ನಂಬರ್ ಹಾಕ್ಬೇಕಾದ ಹವಾ ಅಂತ ಭಾಳ ಮಂದಿ ತಿಳ್ಕೊಂಡಾರ, ಬಹಳಷ್ಟು ಟೈರಿನಾಗ ಅದು ಇದರಕಿಂತ ಮ್ಯಾಲ ಹೋಗಬಾರದು ಅನ್ನೋ ಗಡಿ. ಒಳಗ ಟ್ಯೂಬ್ ಇದ್ದು ನೀವು 70 ಕಿಲೋ ಇದ್ರ, 40 ಮಿಲಿಮೀಟರ್ ಟೈರಿಗೆ ಹಿಂದ 40 ಪಿಎಸ್ಐ (ಹವಾದ ಒತ್ತಡ ಅಳಿಯೋ ಲೆಕ್ಕ), ಮುಂದ 36. ಟೈರ್ 35 ಇದ್ರ ಹಿಂದ 50, ಮುಂದ 45. ಎಂಟಿಬಿ, ಅಂದ್ರ ಗುಡ್ಡದ ಸೈಕಲ್‌ನ ಎರಡು ಇಂಚಿನ ಟೈರಿಗೆ ಹಿಂದ 30, ಮುಂದ 26. ಹತ್ತು ಕಿಲೋ ಹೆಚ್ಚಿದ್ರ ಮೂರು ಪಿಎಸ್ಐ ಏರಸ್ರಿ, ಕಡಿಮಿ ಇದ್ರ ಮೂರು ಇಳಸ್ರಿ. ಮುಂದಿನ ಗಾಲಿಗೆ ಯಾವಾಗ್ಲೂ ಹಿಂದಿಂದಕಿಂತ ಕಡಿಮಿ, ಯಾಕಂದ್ರ ನಿಮ್ಮ ಭಾರ ಹಿಂದೇ ಹೆಚ್ಚು ಬೀಳ್ತದ. ಇದು ನಾ ಹೊಡಿಯೋ ಲೆಕ್ಕ, ಇದ್ರಿಂದ ಶುರು ಮಾಡಿ ಎರಡೆರಡು ಆಕಡೆ ಈಕಡೆ ಮಾಡಿ ನಿಮ್ದು ಹುಡುಕ್ಕೋರಿ. ಆದ್ರ ಭಾಳ ಇಳಿಸಿದ್ರ ಕಲ್ಲಿಗೆ ಹೊಡದಾಗ ಟ್ಯೂಬ್ ಕಲ್ಲಿಗೂ ರಿಮ್ಮಿಗೂ ನಡುವ ಸಿಕ್ಕು ಹಾವು ಕಚ್ಚಿದಂಗ ಜೋಡಿ ತೂತು ಬೀಳ್ತದ. ಜೋಡಿ ತೂತು ಕಂಡ್ರ ಅದು ಮುಳ್ಳಿಂದಲ್ಲ, ಹವಾ ಕಡಿಮಿ ಆಗ್ಯದ ಅಂತ ತಿಳೀರಿ.

ಪೆಟ್ರೋಲ್ ಬಂಕಿನ ಹವಾ ಬ್ಯಾಡ. ಅದು ಕಾರಿಗೆ ಇರೋದು, ಸೈಕಲ್ ಟ್ಯೂಬ್ ಕಣ್ಣು ಮುಚ್ಚಿ ತಗಿಯೋದ್ರಾಗ ತುಂಬಿಬಿಡ್ತದ, ಪ್ರೆಸ್ಟಾ ಅನ್ನೋ ಸಣ್ಣ, ತೆಳ್ಳನ ಸೈಕಲ್ ವಾಲ್ವಿಗೆ ಅಡಾಪ್ಟರ್ ಇಲ್ಲದೆ ಕೂಡಂಗೂ ಇಲ್ಲ. ಮೀಟರ್ ಇರೋ ನಿಲ್ಲೋ ಪಂಪ್ ಒಂದು ತಗೊಂಡು ಮನ್ಯಾಗ ಇಟ್ಕೋರಿ, ಮುಂಜಾನಿ ತಂಪಿನಾಗೇ ನೋಡ್ರಿ. ಚಳಿಯಾಗ 40 ಇಟ್ಟಿದ್ದು ಮಧ್ಯಾಹ್ನದ ಬಿಸಿಲಿಗೆ ಮೂರು ನಾಕು ಏರ್ತದ.

ಈಗ ಮುಳ್ಳು. ನಮ್ಮ ಕಡೆ ಮೂರು ವೈರಿ ಅವ. ಒಂದು ಜಾಲಿ, ಉದ್ದ ಮುಳ್ಳು, ಟೈರಿನಾಗ ಹೊಕ್ಕು ಮುರೀತದ. ಎರಡನೇದು ನೆಗ್ಗಿಲ ಮುಳ್ಳು, ಮಳಿಗಾಲ ಮುಗಿದ ಮ್ಯಾಲ ದಾರಿ ಮಗ್ಗಲಿಗೆ ಒಣಗಿ ಬಿದ್ದಿರ್ತದ, ಹ್ಯಾಂಗ ಬಿದ್ರೂ ಒಂದು ಮೊನಿ ಮ್ಯಾಲೇ ಇರ್ತದ. ಮೂರನೇದು ತೊಗರಿ ಕೂಳಿ, ಡಿಸೆಂಬರ್ ಜನವರಿಯಾಗ ತೊಗರಿ ಕೊಯ್ದ ಹೊಲದಾಗ ಹಾಯ್ದು ಶಾರ್ಟ್‌ಕಟ್ ಹೊಡೀಲಾಕ ಹೋದ್ರ ಟೈರೇ ಹರೀತದ. ನಡು ದಾರಿ, ಗಾಡಿ ಗಾಲಿ ಹಾಯ್ದು ನುಣ್ಣಗಾದ ಜಾಗ ಬಿಟ್ಟು ಹುಲ್ಲಿಗೆ ಇಳೀಬ್ಯಾಡ್ರಿ. ನಿಂತು ನೀರು ಕುಡಿಯಾಕ ಸೈಕಲ್ ಮಗ್ಗಲಿಗೆ ಒಯ್ದು ಹಚ್ತಾರಲ್ಲ, ಅರ್ಧ ಪಂಚರ್ ಆಗೋದೇ ಅಲ್ಲಿ, ಎತ್ತಿ ಒಯ್ರಿ.

ಪಂಚರ್ ಆತಂದ್ರ ಟ್ಯೂಬ್ ಹೊರಗ ಜಗ್ಗಬ್ಯಾಡ್ರಿ ಮೊದಲ. ವಾಲ್ವ್ ಟೈರಿನ ಯಾವ ಅಕ್ಷರದ ಎದುರು ಅದ ನೋಡಿ ಇಟ್ಕೋರಿ. ಆಮ್ಯಾಲ ಟ್ಯೂಬ್ ತೆಗೆದು ಹವಾ ತುಂಬಿ ತುಟಿ ಹತ್ತಿರ ತಿರುಗಸ್ರಿ, ಕಿವಿಗೆ ಕೇಳಸದ ಹವಾ ತುಟಿಗೆ ತಂಪಗ ತಿಳೀತದ. ತೂತು ವಾಲ್ವಿಂದ ಎಷ್ಟು ದೂರ ಅದ ಗೇಣು ಹಾಕಿ ಅಳೀರಿ, ಟೈರ್ ಮ್ಯಾಲ ಅಷ್ಟೇ ದೂರಕ್ಕ ಬರ್ರಿ. ಟ್ಯೂಬ್ ಯಾವ ಕಡೆ ತಿರುಗಿತ್ತು ಗೊತ್ತಿಲ್ಲಂದ್ರ ವಾಲ್ವಿನ ಎರಡೂ ಕಡೆ ನೋಡ್ರಿ. ಹುಡುಗರು ಇಲ್ಲೇ ತಪ್ಪೋದು, ಟೈರ್ ಒಳಗ ಬರೇ ಕೈ ಆಡಸ್ತಾರ, ಏನೂ ಹತ್ತಲಿಲ್ಲ ಅಂತ ಹೊಸ ಟ್ಯೂಬ್ ಹಾಕ್ತಾರ. ಜಾಲಿ ಮೊನಿ ರಬ್ಬರ್ ಒಳಗ ಕೂತಿರ್ತದ, ಸೀದಾ ಇದ್ದಾಗ ಕಾಣಂಗಿಲ್ಲ, ಭಾರ ಬಿದ್ದು ಟೈರ್ ಬಾಗಿದಾಗಷ್ಟೇ ಹೊರಗ ಇಣುಕ್ತದ. ಅದಕ್ಕ ಟೈರ್ ಆ ಜಾಗದಾಗ ಉಲ್ಟಾ ಮಡಚ್ರಿ, ಒಳ ಮೈ ಹೊರಗ ಬರೋಹಂಗ. ಹತ್ತಿ ಅರಿವಿ ಇಲ್ಲಾ ಪಂಚಿ ಚುಂಗು ತಗೊಂಡು ಎರಡೂ ದಿಕ್ಕಿಗೆ ಒರಸ್ರಿ, ನೂಲು ಎಲ್ಲಿ ಸಿಕ್ಕೋತದ ಅಲ್ಲೇ ಮುಳ್ಳು. ಆ ಹುಡುಗನ ಟೈರಿನಾಗ ನನ್ನ ಪಂಚಿ ಹಿಂಗೇ ಸಿಕ್ಕೊಂಡಿತು. ಒಳಗಿಂದ ನೇಲ್‌ಕಟರ್ ಮೊನಿಲೆ ಒತ್ತಿ ಹೊರಗಿಂದ ಹಿಡಿದು ಎಳೆದ್ರ ಬಿಳಿ ಜಾಲಿ ಮೊನಿ ಬಂತು, ಅಕ್ಕಿ ಕಾಳಿನ ಅರ್ಧ ಇರಲಿಲ್ಲ. ಅದು ಮೂರು ಟ್ಯೂಬ್ ತಿಂದಿತ್ತು. ಒಂದು ಸಿಕ್ತಂತ ಬಿಡಬ್ಯಾಡ್ರಿ, ಪೂರಾ ಒಂದು ಸುತ್ತು ಒರಸ್ರಿ.

ಪ್ಯಾಚ್ ಹಚ್ಚೋವಾಗ ಟ್ಯೂಬ್ ಉಸುಕಿನ ಕಾಗದದಿಂದ ತಿಕ್ಕಿ, ಸೊಲ್ಯೂಷನ್ ತೆಳ್ಳಗ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗೋತನಕ ಐದು ನಿಮಿಷ ಸುಮ್ನ ಕೂಡ್ರಿ. ಸೊಲ್ಯೂಷನ್ ಬ್ಯಾಡದ ಸ್ಟಿಕ್ಕರ್ ಪ್ಯಾಚ್ ನಮ್ಮ ಬಿಸಿಲಿಗೆ ಜಾರ್ತಾವ, ಮನಿ ಮುಟ್ಟೋತನಕ ಅಷ್ಟೇ. ಟೈರ್ ಒಳಗ ಹಾಕೋ ಗಟ್ಟಿ ಪ್ಲಾಸ್ಟಿಕ್ ಪಟ್ಟಿನೂ ನಾ ಹಾಕಿದ್ದೆ, ಆರು ತಿಂಗಳಿಗೆ ಅದರ ಅಂಚೇ ಟ್ಯೂಬ್ ಕೊಯ್ದಿತ್ತು. ಖರ್ಚು ಮಾಡೋ ಶಕ್ತಿ ಇದ್ರ ಟ್ಯೂಬ್‌ಲೆಸ್ ಮಾಡಸ್ರಿ, ಅಂದ್ರ ಟ್ಯೂಬ್ ಇಲ್ಲದೆ ಟೈರ್ ಒಳಗ ತೂತು ಮುಚ್ಚೋ ಸೀಲಂಟ್ ದ್ರವ ಹಾಕಸೋದು, ನೆಗ್ಗಿಲ ಮುಳ್ಳಿಗೆ ಅದರಂಥ ಮದ್ದು ಇಲ್ಲ. ಆದ್ರ ಒಳಗಿನ ಸೀಲಂಟ್ ನಮ್ಮ ಬ್ಯಾಸಗಿಗೆ ಜಲ್ದಿ ಒಣಗ್ತದ, ಎರಡು ತಿಂಗಳಿಗೊಮ್ಮೆ ತೆಗೆದು ನೋಡ್ಬೇಕು.

ಹೊಡಿಯೋದು ಹ್ಯಾಂಗಂದ್ರ ಕೈ ಸಡಿಲ, ಕಣ್ಣು ದೂರ, ಬ್ರೇಕ್ ತಿರುವಿನ ಮೊದಲೇ, ತಿರುವಿನಾಗ ಹಿಡೀಬ್ಯಾಡ್ರಿ. ನವೆಂಬರ್‌ನಿಂದ ಫೆಬ್ರವರಿ ಛಲೋ, ಮೇದಾಗ 40 ಡಿಗ್ರಿ ದಾಟ್ತದ, ಹೋಗ್ಬ್ಯಾಡ್ರಿ. ತಾಸಿಗೆ ಮುಕ್ಕಾಲು ಲೀಟರ್ ನೀರು ಲೆಕ್ಕ. ಕುರಿ ಹಿಂಡು ಬಂದ್ರ ಇಳೀರಿ, ನಾಯಿಗೂ ನಿಮಗೂ ನಡುವ ಸೈಕಲ್ ಇರ್ಲಿ, "ಅಣ್ಣಾ, ನಾಯಿ ಕರೀರಿ" ಅಂತ ಕೂಗ್ರಿ. ಸೈಕಲ್ ಓಡಸ್ಕೊಂಡು ಹೋದ್ರ ಖಾತ್ರಿ ಬೆನ್ನತ್ತಾವ.

ಮನಿಗೆ ಬಂದ ದಿನಾನೇ, ಊಟಕ್ಕ ಕೂಡೋಕಿಂತ ಮೊದಲ, ಗಾಲಿ ಮೆಲ್ಲಕ ತಿರುಗಿಸಿ ಹೊರಗಿನ ಮುಳ್ಳೆಲ್ಲಾ ಕಿತ್ತುಬಿಡ್ರಿ. ಇನ್ನೂ ಟ್ಯೂಬಿಗೆ ಮುಟ್ಟದ ಮುಳ್ಳು ಮುಂದಿನ ರೈಡಿನ ಮೊದಲ ಹತ್ತು ಕಿಲೋಮೀಟರ್‌ನಾಗ ಒಳಗ ಮುಟ್ತಾವ. ಹೋದ ಆಯಿತವಾರ ನನ್ನ ಹಿಂದಿನ ಗಾಲಿಯಾಗ ಆರು ಸಿಕ್ಕವು, ನಾಕು ನೆಗ್ಗಿಲ, ಎರಡು ಜಾಲಿ.